ಡಿಜಿಟಲ್ ಕ್ಯಾಮೆರಾ ಕೊಳ್ಳುವ ಮುನ್ನ

ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಎಷ್ಟು ಮೆಗಾಪಿಕ್ಸೆಲ್?" 2008ರಲ್ಲಿ ನಾವೂ ಇದನ್ನೇ ಕೇಳಿದ್ದೆವು. ಅಂಗಿಯ ಜೇಬಿನಲ್ಲಿ ಹಿಡಿಯುವ, 10 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಕೊಂಡು, ಅದೇ ವಾರ ಮಾಟುಂಗಾದ ಸಭಾಗೃಹವೊಂದರಲ್ಲಿ ನಮ್ಮ ಸೋದರಮಾವನವರ ಕರ್ಣನ ವೇಷವನ್ನು ಸೆರೆಹಿಡಿಯಲೆಂದು ಆರನೆಯ ಸಾಲಿನಲ್ಲಿ ಕುಳಿತೆವು. ಮನೆಗೆ ಬಂದು ನೋಡಿದರೆ, ಫ್ಲಾಶ್ ಬೆಳಗಿದ್ದುದು ಮುಂದೆ ಕುಳಿತವರ ತಲೆಗಳನ್ನು. ಫ್ಲಾಶ್ ಇಲ್ಲದೆ ತೆಗೆದ ಚಿತ್ರಗಳಲ್ಲಿ ಕರ್ಣನಿರಬೇಕಾದಲ್ಲಿ ಕೆಂಪು, ಹಳದಿ ಬಣ್ಣಗಳ ಕಲಸುಮೇಲೋಗರ. ಮಾವನವರು ಮತ್ತೆ ಗೆಜ್ಜೆ ಕಟ್ಟಲಿಲ್ಲ. ಆ ವೇಷದ ಒಂದು ಸ್ಪಷ್ಟ ಚಿತ್ರವೂ ನಮ್ಮ ಬಳಿ ಇಲ್ಲ.

ಮೆಗಾಪಿಕ್ಸೆಲ್ ಎಂದರೆ ಚಿತ್ರವನ್ನು ರೂಪಿಸುವ ಬಿಂದುಗಳ ಲೆಕ್ಕ, ಹತ್ತು ಲಕ್ಷಕ್ಕೆ ಒಂದರಂತೆ. ಅದು ಚಿತ್ರದ ಅಳತೆಯನ್ನು ಹೇಳುತ್ತದೆಯೇ ಹೊರತು ಗುಣವನ್ನಲ್ಲ. ಉತ್ತಮ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳಿದ್ದರೆ ಸಾಕೆಂಬುದು ರೂಢಿ. ಆ ಪ್ರಕಾರ 3000 ಬಿಂದು ಅಗಲ, 2000 ಬಿಂದು ಎತ್ತರದ 6 ಮೆಗಾಪಿಕ್ಸೆಲ್ ಚಿತ್ರದಿಂದ 10 ಇಂಚು ಅಗಲದ ಪ್ರತಿ ಸೊಗಸಾಗಿ ಬರುತ್ತದೆ. ಮನೆಯ ಆಲ್ಬಮ್ಮಿಗೆ ಇದಕ್ಕಿಂತ ದೊಡ್ಡದು ಯಾರಿಗೆ ಬೇಕು?

ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೆಳಕನ್ನು ಹಿಡಿಯುವ ಸೆನ್ಸರ್‌ನ ವಿಸ್ತಾರ. ಜೇಬಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿದ್ದ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ್ದು, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಎಪಿಎಸ್-ಸಿ ಎಂಬ ವರ್ಗದ್ದು ಸುಮಾರು 23 ಮಿ.ಮೀ. ಅಗಲ, 15 ಮಿ.ಮೀ. ಎತ್ತರವಿದ್ದು, ವಿಸ್ತೀರ್ಣದಲ್ಲಿ ಅದರ ಹನ್ನೆರಡು ಪಟ್ಟು. ಫುಲ್ ಫ್ರೇಮ್ ಎಂಬುದು ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ, 36 ಮತ್ತು 24 ಮಿ.ಮೀ. ಸೂರಿನ ನೀರು ಹಿಡಿಯಲು ಲೋಟವಿಡುವುದಕ್ಕೂ ಹಂಡೆಯಿಡುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಲೋಟದಂಥ ಸೆನ್ಸರ್‌ನಲ್ಲಿ ಹೆಚ್ಚು ಬಿಂದುಗಳನ್ನು ತುರುಕಿದಷ್ಟೂ ಒಂದೊಂದಕ್ಕೂ ದಕ್ಕುವ ಬೆಳಕು ಕಡಿಮೆ. ಮಂದ ಬೆಳಕಿನ ಚಿತ್ರದಲ್ಲಿ ಮರಳೆರಚಿದಂತೆ ಕಾಣುವುದು ಇದರಿಂದಲೇ.

ಇನ್ನು ಲೆನ್ಸ್. ಅದರ ಮೇಲೆ ಬರೆದಿರುವ ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. ಕ್ಯಾಮೆರಾದೊಂದಿಗೆ ಸಾಮಾನ್ಯವಾಗಿ ಬರುತ್ತಿದ್ದ 18-55 ಮಿ.ಮೀ. ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಅದು ಎಫ್ 5.6, ಅಗ್ಗವೆನ್ನಬಹುದಾದ 50 ಮಿ.ಮೀ. ಲೆನ್ಸಿನದು ಎಫ್ 1.8. ಎರಡನೆಯದರಲ್ಲಿ ಹಾಯುವ ಬೆಳಕು ಸುಮಾರು ಹತ್ತು ಪಟ್ಟು. ಮೊದಲನೆಯದಕ್ಕೆ ಸೆಕೆಂಡಿನ 50ನೇ ಒಂದು ಭಾಗ ಬೇಕಾದಲ್ಲಿ ಇದಕ್ಕೆ 500ನೇ ಒಂದು ಭಾಗ ಸಾಕು. ದಿಗಿಣ ಹಾರುವ ವೇಷಧಾರಿ ಚಿತ್ರದಲ್ಲಿ ನಿಲ್ಲುವುದೂ ಕದಡಿಹೋಗುವುದೂ ಈ ವ್ಯತ್ಯಾಸದಲ್ಲಿ. ಝೂಮ್ ಇಲ್ಲದ ಈ ಲೆನ್ಸಿಗಾಗಿ ಮುಂದಿನ ಸಾಲಿನಲ್ಲಿ ಆಸನ ಹಿಡಿಯಬೇಕಾದೀತು, ಅಷ್ಟೆ. ಡಿಜಿಟಲ್ ಝೂಮ್ ಎಂಬುದನ್ನು ಮಾತ್ರ ನಂಬಬಾರದು. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ.

ಹಗಲಿನ ಪ್ರವಾಸಕ್ಕೆ, ಮನೆಯ ನಾಮಕರಣಕ್ಕೆ ಕೈಯಲ್ಲಿರುವ ಫೋನೇ ಸಾಕೆಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ರಂಗದ ಮೇಲಿನ ಮಕ್ಕಳ ನೃತ್ಯ, ನಾಟಕ, ಯಕ್ಷಗಾನ ಬೇಕೆನ್ನುವವರಿಗೆ ಕ್ಯಾಮೆರಾ ಅವಶ್ಯ. 2018ರಲ್ಲಿ ಕೆನಾನ್ ಮತ್ತು ನಿಕಾನ್ ಎರಡೂ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೊಸ ಲೆನ್ಸ್ ಜೋಡಣೆಯನ್ನು ತಂದ ಮೇಲೆ ಅನೇಕರು ಹಳೆಯ ಡಿಎಸ್‌ಎಲ್‌ಆರ್‌ಗಳನ್ನು ಮಾರತೊಡಗಿದರು. ಮುಂಬಯಿ ಕೋಟೆ ಪ್ರದೇಶದ ಬೋರಾ ಬಜಾರಿನಂಥ ಕಡೆ ಅಂಥದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಶಟರ್ ಎಷ್ಟು ಬಾರಿ ತೆರೆದಿದೆಯೆಂದು ಕೇಳಿ, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟಿದೆಯೇ ನೋಡಬೇಕು. ನಮ್ಮ ಕರಾವಳಿ ಹವೆಯಲ್ಲಿ ಇದು ಸಾಮಾನ್ಯ. ಬ್ಯಾಟರಿಯೂ ಮೆಮೊರಿ ಕಾರ್ಡೂ ಈಗಲೂ ದೊರೆಯುವಂಥವೇ ಎಂದು ವಿಚಾರಿಸಿ. ಒಲಿಂಪಸ್, ಫ್ಯೂಜಿಫಿಲ್ಮ್ 2002ರಲ್ಲಿ ತಂದ ಎಕ್ಸ್‌ಡಿ ಕಾರ್ಡನ್ನು ಬೇಡುವ ಕ್ಯಾಮೆರಾ ಎಷ್ಟು ಅಗ್ಗವಾದರೂ ಬೇಡ.

ಹೊಸದಾದರೆ ಜಿಎಸ್‌ಟಿ ಬಿಲ್ಲು, ಭಾರತದಲ್ಲಿ ನಡೆಯುವ ವಾರಂಟಿ ಇವೆರಡನ್ನೂ ಪಡೆಯತಕ್ಕದ್ದು. ಬ್ಯಾಂಕಿನವರಾದ ಕಾರಣ ಇನ್ನೊಂದು ಮಾತು: "ಬಡ್ಡಿರಹಿತ ಕಂತು" ಎಂದಾಗ ಸಂಸ್ಕರಣಾ ಶುಲ್ಕವೆಷ್ಟು, ಒಮ್ಮೆಗೇ ಹಣ ಕೊಟ್ಟರೆ ಸಿಗುವ ರಿಯಾಯಿತಿ ಕೈತಪ್ಪುತ್ತದೆಯೇ ಎಂದು ಕೇಳಿ ಲೆಕ್ಕ ಹಾಕಿ.

ಹಣ ಕೊಡುವ ಮುನ್ನ, ದೀಪಗಳ ಕೆಳಗಲ್ಲ, ಅಂಗಡಿಯ ಅತ್ಯಂತ ಕತ್ತಲಿನ ಮೂಲೆಯಲ್ಲಿ ಜೊತೆಗೆ ಬಂದವರನ್ನು ನಡೆದಾಡಲು ಹೇಳಿ, ಫ್ಲಾಶ್ ಇಲ್ಲದೆ ನಾಲ್ಕು ಚಿತ್ರ ತೆಗೆಯಿರಿ. ಪರದೆಯ ಮೇಲೆ ಅವರ ಕಣ್ಣುಗಳನ್ನು ಹಿಗ್ಗಿಸಿ ನೋಡಿರಿ.