ಅಡಿಕೆ ಮರಕ್ಕೆ ಕಟ್ಟಿದ ಗಾಜಿನೆಳೆ

ನಮ್ಮ ಮನೆಗೆ ಇಂಟರ್ನೆಟ್ ಬರುವುದು ಅಡಿಕೆ ತೋಟದ ಮೇಲಿಂದ. ಡಾಂಬರು ರಸ್ತೆಯ ಬದಿಯ ಕೊನೆಯ ಕಂಬದಿಂದ ಹೊರಟ ಕರಿಯ ಕೇಬಲ್ಲು ಹನ್ನೊಂದು ಅಡಿಕೆ ಮರ, ಒಂದು ಹಲಸು, ಒಂದು ನೇರಳೆ ಹೀಗೆ ಸಿಕ್ಕಿದವರ ಹೆಗಲ ಮೇಲೆಲ್ಲ ಕೈಹಾಕುತ್ತ ಬಂದು, ನಮ್ಮ ಜಗುಲಿಯ ಕಿಟಕಿಯ ಸರಳಿಗೆ ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡು ಒಳಗಿಳಿಯುತ್ತದೆ. ಆ ಎರಡು ಸುತ್ತು ನಾನೇ ಸುತ್ತಿದ್ದು. ಮಂಗಗಳು ಜೋತಾಡಿದರೂ ಜಗ್ಗಬಾರದೆಂಬ ಮುಂಜಾಗ್ರತೆ. ನಿವೃತ್ತ ಮೇಷ್ಟರಿಗೆ ಇಂಥ ಕೆಲಸಗಳಲ್ಲಿ ಆತ್ಮವಿಶ್ವಾಸ ಸ್ವಲ್ಪ ಹೆಚ್ಚು.

2024ರ ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಜಪಾನಿನ ರಾಷ್ಟ್ರೀಯ ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನ ಸಂಸ್ಥೆಯವರು ಹಲವು ದೇಶಗಳ ಸಂಶೋಧಕರ ಜೊತೆ ಸೇರಿ ಒಂದೇ ಗಾಜಿನೆಳೆಯಲ್ಲಿ ಸೆಕೆಂಡಿಗೆ 402 ಟೆರಾಬಿಟ್ ಮಾಹಿತಿ ಕಳಿಸಿದ್ದರು. ವಿಶ್ವದಾಖಲೆ. ನಮ್ಮ ಮನೆಯ ಸಂಪರ್ಕ ಸೆಕೆಂಡಿಗೆ 30 ಮೆಗಾಬಿಟ್, ಅದೂ ಕಂಪನಿಯ ಕಾಗದದ ಪ್ರಕಾರ. ಹಳೆಯ ಚಟದಂತೆ ಪತ್ರಿಕೆಯ ಅಂಚಿನಲ್ಲೇ ಭಾಗಾಕಾರ ಮಾಡಿದೆ. ಒಂದು ಕೋಟಿ ಮೂವತ್ತನಾಲ್ಕು ಲಕ್ಷ ಬಂತು. 2011ರ ಜನಗಣತಿಯಲ್ಲಿ ಕರ್ನಾಟಕದ ಒಟ್ಟು ಕುಟುಂಬಗಳು ಸುಮಾರು ಒಂದು ಕೋಟಿ ಮೂವತ್ತು ಲಕ್ಷ. ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ ಪ್ರತಿ ಮನೆಗೂ ನಮ್ಮ ಮನೆಯಷ್ಟೇ ಇಂಟರ್ನೆಟ್ಟನ್ನು, ಕೂದಲಿನಷ್ಟು ತೆಳ್ಳಗಿನ ಒಂದೇ ಎಳೆಯಲ್ಲಿ ಹೊರಿಸಬಹುದು!

ಇಷ್ಟಕ್ಕೇ ಆಗಿದ್ದರೆ ಜಪಾನಿನವರ ಭಾಗ್ಯವೆಂದು ಪತ್ರಿಕೆ ಮಡಚಿಡುತ್ತಿದ್ದೆ. ಸುದ್ದಿಯ ಕೊನೆಯಲ್ಲಿ ಒಂದು ಮಾತಿತ್ತು: ಪ್ರಯೋಗಕ್ಕೆ ಬಳಸಿದ್ದು ಮಾರುಕಟ್ಟೆಯಲ್ಲಿ ಸಿಗುವ ಸಾಧಾರಣ ಎಳೆ. ನಾನು ತಲೆಯೆತ್ತಿ ತೋಟದ ಕಡೆ ನೋಡಿದೆ. ಹೆಚ್ಚುಕಡಿಮೆ ಅದೇ ಜಾತಿಯ ಗಾಜು ನಮ್ಮ ನೇರಳೆ ಮರದ ಮೇಲೆ ಮಳೆಯಲ್ಲಿ ತೊಯ್ಯುತ್ತಿತ್ತು.

ದಾಖಲೆಗೂ ನಮ್ಮ ಮನೆಗೂ ನಡುವಿನ ಈ ದೂರ ನನಗೆ ಹೊಸದಲ್ಲ. 1979ರ ಆಷಾಢದಲ್ಲಿ ನಮ್ಮಪ್ಪ ತೀರಿಕೊಂಡರು. ಅಣ್ಣ ಬೊಂಬಾಯಿಯಲ್ಲಿದ್ದ. ಬೆಳಿಗ್ಗೆ ಎಂಟು ಗಂಟೆಗೆ ಪೇಟೆಯ ಅಂಚೆ ಕಚೇರಿಯಲ್ಲಿ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತೆ. ತಾಲ್ಲೂಕಿನಿಂದ ಹೊರಹೋಗುವ ತಂತಿಗಳೇ ಬೆರಳೆಣಿಕೆಯವು. ನನ್ನ ಮುಂದೆ ಅಡಿಕೆ ಮಂಡಿಯವರು, ಆಸ್ಪತ್ರೆಯವರು, ಪೊಲೀಸರು. ಮಧ್ಯಾಹ್ನ ಮೂರಕ್ಕೆ ಲೈನು ಸಿಕ್ಕಿತು. "ಅಪ್ಪ..." ಎಂದು ಮೂರು ಸಲ ಕೂಗಿದೆ. ನಾಲ್ಕನೆಯದಕ್ಕೆ ಅತ್ತ ಕಡೆಯಿಂದ ಅಳು ಕೇಳಿಸಿತು. ಅಣ್ಣ ಬಂದಾಗ ಬೂದಿಯೂ ಆರಿತ್ತು. ಬಹಳ ವರ್ಷಗಳ ಮೇಲೆ ಓದಿ ತಿಳಿದೆ: ಅದೇ 1979ರಲ್ಲಿ ಪುಣೆಯ ಎರಡು ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವೆ ಭಾರತದ ಮೊದಲ ಗಾಜಿನೆಳೆಯ ಸಂಪರ್ಕ ಹಾಕಿದ್ದರು.

ಆ ಗಾಜಿನ ಕಥೆಯನ್ನು ಸ್ವಲ್ಪ ಹೇಳಬೇಕು. ಗಾಜಿನ ಎಳೆಗಳ ಕಟ್ಟಿನೊಳಗೆ ಬೆಳಕು ಬಗ್ಗಿ ಸಾಗುತ್ತದೆ, ಚಿತ್ರವನ್ನೂ ಹೊತ್ತೊಯ್ಯುತ್ತದೆ ಎಂದು 1954ರಲ್ಲೇ ತೋರಿಸಿಕೊಟ್ಟವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಒಬ್ಬರು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಹೆಚ್ಚು ದೂರ ಬದುಕುತ್ತಿರಲಿಲ್ಲ. ಇಪ್ಪತ್ತು ಮೀಟರು ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಹೊಟ್ಟೆಯೊಳಗನ್ನು ನೋಡುವ ವೈದ್ಯರಿಗೆ ಅಷ್ಟು ಸಾಕು, ಊರಿಂದೂರಿಗೆ ಮಾತು ಕಳಿಸಲು ಸಾಲದು. 1966ರಲ್ಲಿ ಇಂಗ್ಲೆಂಡಿನ ಹಾರ್ಲೋದಲ್ಲಿ ಕೆಲಸ ಮಾಡುತ್ತಿದ್ದ, ಶಾಂಘೈಯಲ್ಲಿ ಹುಟ್ಟಿದ ಚಾರ್ಲ್ಸ್ ಕಾವ್ ಎಂಬಾತ, ತನ್ನ ಸಂಗಡಿಗ ಜಾರ್ಜ್ ಹಾಕ್‌ಹ್ಯಾಮ್ ಜೊತೆ ಒಂದು ಪ್ರಬಂಧ ಬರೆದ. ದೋಷ ಗಾಜಿನದಲ್ಲ, ಗಾಜಿನೊಳಗಿನ ಕೊಳೆಯದು. ಕೊಳೆ ತೆಗೆದರೆ ಒಂದು ಕಿಲೋಮೀಟರು ದಾಟಿದ ಮೇಲೂ ನೂರರಲ್ಲಿ ಒಂದು ಪಾಲು ಬೆಳಕು ಉಳಿಯಬಲ್ಲದು, ಅಷ್ಟು ಉಳಿದರೆ ಸಾಕು ಎಂಬುದು ಅವನ ವಾದ. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೂವರು, ಮೌರರ್, ಕೆಕ್ ಮತ್ತು ಷುಲ್ಟ್ಜ್, ಎರಡು ಪಾಲು ಉಳಿಯುವ ಎಳೆಯನ್ನೇ ತೆಗೆದರು. ಇಂದಿನ ಎಳೆಯಲ್ಲಿ ಐವತ್ತು ಕಿಲೋಮೀಟರು ಸಾಗಿದ ಮೇಲೂ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಕಾವ್‌ಗೆ ನೊಬೆಲ್ ಬಂದದ್ದು 2009ರಲ್ಲಿ, ಪ್ರಬಂಧ ಬರೆದ ನಲವತ್ಮೂರು ವರ್ಷಕ್ಕೆ. ನನ್ನ ಟ್ರಂಕ್ ಕಾಲ್ ವಾಸಿ!

1988ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಗಾಜಿನೆಳೆಯ ಕೇಬಲ್ ಕೆಲಸ ಶುರುಮಾಡಿತು. ಒಂದೇ ಹೊತ್ತಿಗೆ ನಲವತ್ತು ಸಾವಿರ ಜನ ಮಾತಾಡಬಹುದಿತ್ತು. ಆಗ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಮಳೆಗಾಲದಲ್ಲಿ ಮೌನವ್ರತದಲ್ಲಿರುತ್ತಿತ್ತು. ಹಾಗೆಂದು ನಮ್ಮ ಕಡೆ ಏನೂ ನಡೆಯಲಿಲ್ಲವೆಂದರೆ ತಪ್ಪಾಗುತ್ತದೆ. ಸಿ-ಡಾಟ್ ಸಂಸ್ಥೆಯ ಎಂಜಿನಿಯರುಗಳು ಧೂಳು, ಸೆಕೆ ತಡೆದುಕೊಂಡು, ಹವಾನಿಯಂತ್ರಣವಿಲ್ಲದೆ ನಡೆಯುವ 128 ಲೈನಿನ ಹಳ್ಳಿ ಎಕ್ಸ್‌ಚೇಂಜೊಂದನ್ನು ಮಾಡಿ, 1986ರಲ್ಲಿ ದೇಶದಲ್ಲೇ ಮೊದಲನೆಯದನ್ನು ಕರ್ನಾಟಕದ ಕಿತ್ತೂರಿನಲ್ಲಿ ನಿಲ್ಲಿಸಿದರು. ಅದು ಯಾವ ವೇಗದ ದಾಖಲೆಯನ್ನೂ ಮುರಿಯಲಿಲ್ಲ. ಆದರೆ ಹಳ್ಳಿಗಳಿಗೆ ಫೋನು ಬಂದದ್ದು ಅಂಥ ಪೆಟ್ಟಿಗೆಗಳಿಂದ. ನನ್ನನ್ನು ಕೇಳಿದರೆ ಅಟ್ಲಾಂಟಿಕ್ ಕೇಬಲ್ಲಿಗಿಂತ ಒಂದು ಕೈ ಮೇಲೆ ಅದನ್ನೇ ಇಡುತ್ತೇನೆ.

ಮುಂದಿನದು ಬೇಗ ಮುಗಿಯುತ್ತದೆ. 1995ರ ಆಗಸ್ಟ್ 15ರಂದು ದೊಡ್ಡ ನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. 2004ರ ಸರ್ಕಾರಿ ನೀತಿ ಸೆಕೆಂಡಿಗೆ 256 ಕಿಲೋಬಿಟ್ ಕೊಟ್ಟರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದಿತು. ಆ ವ್ಯಾಖ್ಯೆ 2 ಮೆಗಾಬಿಟ್‌ಗೆ ಏರಿದ್ದು 2023ರಲ್ಲಿ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ಸಂಕೇತ ಸೊರಗುತ್ತದೆ. ನಮ್ಮ ಮನೆ ಐದು ಕಿಲೋಮೀಟರು ದೂರ, ಆದ್ದರಿಂದ ಆ ಬ್ರಾಡೂ ಇಲ್ಲ, ಬ್ಯಾಂಡೂ ಇಲ್ಲ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಒಯ್ಯುವ ಯೋಜನೆಗೆ 2011ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಪಂಚಾಯಿತಿಯವರೆಗೆ ಎಂಬುದನ್ನು ಗಮನಿಸಬೇಕು. ಪಂಚಾಯಿತಿಯಿಂದ ಮನೆಗೆ ಬೇರೆ ದಾರಿ.

2021ರ ಜುಲೈಯಲ್ಲಿ ಪಕ್ಕದ ಮನೆಯ ಸಾವಿತ್ರಮ್ಮನ ಮಗಳಿಗೆ ಪರೀಕ್ಷೆ. ಕರೋನಾ ಕಾಲ, ಮನೆಯಲ್ಲೇ ಬರೆದು, ಉತ್ತರದ ಹಾಳೆಗಳ ಫೋಟೋ ತೆಗೆದು ಅರ್ಧ ಗಂಟೆಯೊಳಗೆ ಕಾಲೇಜಿಗೆ ಕಳಿಸಬೇಕು. ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ. ಹುಡುಗಿ ಬಂಡೆಯ ಮೇಲೆ ಕೂತಳು, ನಾನು ಕೊಡೆ ಹಿಡಿದೆ. ಹದಿನಾಲ್ಕು ಹಾಳೆ. ಒಂಬತ್ತು ಹೋದವು. ಹತ್ತನೆಯದರ ಮೇಲೆ ಬೆರಳಿಟ್ಟುಕೊಂಡು ಕೂತಳು, ಚಕ್ರ ತಿರುಗುತ್ತಲೇ ಇತ್ತು, ಸಮಯ ಮುಗಿಯಿತು. ಬೆಟ್ಟ ಇಳಿಯುವಾಗ ಇಬ್ಬರೂ ಮಾತಾಡಲಿಲ್ಲ. ಒಂಬತ್ತು ಹಾಳೆಗೆ ಅಂಕ ಬಂತು, ಮಾರನೆಯ ವರ್ಷ ಅದೇ ಪರೀಕ್ಷೆಯನ್ನು ಮತ್ತೆ ಬರೆದಳು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ.

ಅಡಿಕೆ ಮರದ ಮೇಲೆ ಗಾಜು ಬಂದದ್ದು ಅದರ ಮುಂದಿನ ವರ್ಷ. ಹಾಗಾದರೆ ಗಾಜು ಅದೇ, ನಮಗೇಕೆ ಮೂವತ್ತೇ ಮೆಗಾಬಿಟ್? ರಿಪೇರಿಗೆ ಬರುವ ಹುಡುಗನನ್ನು ಪೀಡಿಸಿ, ಅಷ್ಟಿಷ್ಟು ಓದಿ ತಿಳಿದುಕೊಂಡದ್ದು ಇದು. ದಾಖಲೆ ಮುರಿದದ್ದು ಬೆಳಕು ಜೋರಾಗಿ ಓಡಿದ್ದರಿಂದಲ್ಲ. ಗಾಜಿನಲ್ಲಿ ಬೆಳಕು ಎಲ್ಲೆಡೆ ಓಡುವುದು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು, ಜಪಾನಿನಲ್ಲೂ ನಮ್ಮ ತೋಟದಲ್ಲೂ. ವೇಗವೆಂದು ಪತ್ರಿಕೆಯವರು ಬರೆಯುವುದು ಹೊರೆಯನ್ನು. ಬಸ್ಸು ಜೋರಾಗಿ ಓಡಿಸಿದ್ದಲ್ಲ, ಒಂದೇ ರಸ್ತೆಗೆ ಸಾವಿರಾರು ಬಸ್ಸು ಬಿಟ್ಟದ್ದು. ಜಪಾನಿನವರು ಒಂದೇ ಎಳೆಯಲ್ಲಿ ಸಾವಿರದೈನೂರಕ್ಕೂ ಮೀರಿ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟರು. ನಮ್ಮ ಕಣ್ಣಿಗೆ ಕಾಣದ ಬಣ್ಣಗಳು ಅವು. ದಾರಿಯಲ್ಲಿ ಅವಕ್ಕೆ ಕಸುವು ತುಂಬಲು ಎರ್ಬಿಯಂ, ಥುಲಿಯಂ, ಬಿಸ್ಮತ್ ಬೆರೆಸಿದ ವಿಶೇಷ ಗಾಜುಗಳ ವರ್ಧಕಗಳು. ನಮ್ಮ ಎಳೆಯಲ್ಲಿ ಬರುವುದಕ್ಕೆ ಒಂದು ಬಣ್ಣ, ಹೋಗುವುದಕ್ಕೆ ಒಂದು. ಬರುವ ಬಣ್ಣ ಹೊರುವುದು ಎರಡೂವರೆ ಸಾವಿರ ಮೆಗಾಬಿಟ್. ಅದನ್ನು ವಿದ್ಯುತ್ತೂ ಬೇಡದ ಒಂದು ಪುಟ್ಟ ಗಾಜಿನ ಕವಲು ಅರವತ್ತನಾಲ್ಕು ಮನೆಗಳಿಗೆ ಹಂಚಬಹುದು. ಎಲ್ಲರೂ ಒಟ್ಟಿಗೆ ಕೂತರೆ ತಲೆಗೆ ಮೂವತ್ತೊಂಬತ್ತು. ಮೋಸವೇನಿಲ್ಲ, ಪಂಕ್ತಿಯ ಊಟ. ಸಾವಿರದೈನೂರು ಬಣ್ಣದ ಯಂತ್ರವನ್ನು ಅರವತ್ತನಾಲ್ಕು ಮನೆಗೆ ಇಡುವ ಖರ್ಚನ್ನು ಯಾರೂ ಕೊಡುವುದಿಲ್ಲ, ನಾನಂತೂ ಕೊಡಲಾರೆ. ಆ ದಾಖಲೆಗಳು ಸಾಗರ ದಾಟುವ, ಊರುಗಳನ್ನು ಜೋಡಿಸುವ ಹೆದ್ದಾರಿಗಳಿಗಾಗಿ. 2025ರಲ್ಲಿ ಹತ್ತೊಂಬತ್ತು ತಿರುಳುಗಳಿರುವ ವಿಶೇಷ ಎಳೆಯಲ್ಲಿ ಸಾವಿರ ಟೆರಾಬಿಟ್ಟಿಗೂ ಮಿಕ್ಕಿ, 1,808 ಕಿಲೋಮೀಟರು ದೂರಕ್ಕೆ ಕಳಿಸಿದರಂತೆ. ಒಳ್ಳೆಯದೇ ಆಯಿತು.

ಮೊನ್ನೆ ಮೂರು ದಿನ ನಮ್ಮ ಸಂಪರ್ಕ ಬಿದ್ದುಹೋಗಿತ್ತು. ಪೆಟ್ಟಿಗೆಯಲ್ಲಿ ಕೆಂಪು ದೀಪ. ಸಾವಿತ್ರಮ್ಮ ದಿನಾ ಸಂಜೆ ಏಳಕ್ಕೆ ಮಗಳ ಮುಖ ನೋಡಲು ನಮ್ಮ ಜಗುಲಿಗೆ ಬರುತ್ತಾರೆ. ಮೂರು ದಿನವೂ ಬಂದು, ದೀಪ ನೋಡಿ, ಎಲೆಯಡಿಕೆ ಹಾಕಿಕೊಂಡು ಹೋದರು. ನಾಲ್ಕನೆಯ ದಿನ ಹುಡುಗ ಬಂದ. ತುದಿಗೆ ಮೀಟರು ಹಚ್ಚಿದ.

"ಮೈನಸ್ ಮೂವತ್ತೊಂದು ತೋರಿಸ್ತಾ ಇದೆ ಮೇಷ್ಟ್ರೇ. ಕಂಬದ ಹತ್ರ ಸರಿ ಇದೆ. ಬೆಳಕು ಇಲ್ಲೇ ಎಲ್ಲೋ ಸೋರ್ತಾ ಇದೆ."

ಆಮೇಲೆ ಕಿಟಕಿಯ ಸರಳು ನೋಡಿದ. ನನ್ನನ್ನೂ ನೋಡಿದ.

"ಇದ್ಯಾರು ಸುತ್ತಿದ್ದು?"

"ಮಂಗಗಳ ಕಾಟ ಮಾರಾಯ" ಎಂದೆ. ಗಾಜಿನ ಕೊಳೆ ತೊಳೆದ ಕಾವ್‌ಗೂ ಗೊತ್ತಿದ್ದ ಸಂಗತಿ ಅದು: ಎಳೆ ಬಿಗಿಯಾಗಿ ಬಾಗಿದರೆ ಬೆಳಕು ತಿರುವಿನಲ್ಲಿ ಹೊರಕ್ಕೆ ಹಾರುತ್ತದೆ. ಮಂಗಗಳು ಜಗ್ಗಿ ಜಗ್ಗಿ ನನ್ನ ಸುತ್ತು ಇನ್ನಷ್ಟು ಬಿಗಿದಿತ್ತು. ಹುಡುಗ ಎರಡೂ ಸುತ್ತು ಬಿಚ್ಚಿ, ಬಳೆಗಿಂತ ದೊಡ್ಡದಾಗಿ ಸಡಿಲ ಸುರುಳಿ ಮಾಡಿ ಮೊಳೆಗೆ ತೂಗುಹಾಕಿದ. ಮೀಟರು ಮೈನಸ್ ಇಪ್ಪತ್ತೆರಡಕ್ಕೆ ಬಂತು. ಕೆಂಪು ದೀಪ ಆರಿ ಹಸಿರು ಹತ್ತಿತು. ಇನ್ನೂ ಆರು ಮನೆಗಳ ದೂರು ಇದೆಯೆಂದು ಕಾಫಿಯನ್ನು ನಿಂತುಕೊಂಡೇ ಕುಡಿದು, ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಬೈಕ್ ಹತ್ತಿದ.

ಏಳು ಗಂಟೆಗೆ ಸಾವಿತ್ರಮ್ಮ ಬಂದರು. ಈ ಸಲ ದೀಪ ನೋಡಲಿಲ್ಲ, ನೇರವಾಗಿ ಫೋನಿನ ಮುಂದೆ ಕೂತರು. "ಯಾಕೇ, ಸೊರಗಿದೀಯಲ್ಲೇ" ಎಂದರು.