ಜವಳಿ ಪ್ರದರ್ಶನಕ್ಕೆ ಬಂದ ಸಿನಿಮಾ



ಕತಾರ್‌ಗಾಮ್‌ನಲ್ಲಿರುವ ನಿಮಗೆ ಬಟ್ಟೆಯ ವಿಷಯ ನಾನು ಹೇಳಬೇಕೆ? ಪವರ್‌ಲೂಮ್ ಸದ್ದಿನ ನಡುವೆಯೇ ನಮ್ಮ ಕನ್ನಡ ಹಾಡು ಕೇಳುವವರು ನೀವು. ಆದರೆ ಬಟ್ಟೆಯ ನೆಪದಲ್ಲಿ ನಮ್ಮ ದೇಶದ ಒಂದು ಸಿನಿಮಾ ಮೊದಲ ಸಲ ತೆರೆ ಕಂಡ ಕಥೆ ಗೊತ್ತಾ?

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಎಂಬ ಕಲಾ ಸಂಗ್ರಹಾಲಯ 1935ರಲ್ಲೇ ಸಿನಿಮಾ ವಿಭಾಗ ತೆರೆದಿತ್ತು. ಪೇಂಟಿಂಗ್‌ಗಳಂತೆ ಹಳೆಯ ಚಿತ್ರಗಳನ್ನೂ ಜೋಪಾನ ಮಾಡಿ, ಮತ್ತೆ ಮತ್ತೆ ತೋರಿಸಬೇಕೆಂಬ ಹಟ ಅವರದು. ಅಲ್ಲಿ 1955ರಲ್ಲಿ ಭಾರತದ ಜವಳಿ ಮತ್ತು ಅಲಂಕಾರ ಕಲೆಗಳ ಪ್ರದರ್ಶನ ನಡೆಯಿತು. ಜೊತೆಗೆ ಅಲಿ ಅಕ್ಬರ್ ಖಾನ್ ಅವರ ಸರೋದ್, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಶಾಂತಾ ರಾವ್ ಅವರ ನೃತ್ಯ. (ಈ ಪ್ರದರ್ಶನವನ್ನು ಚಿತ್ರೀಕರಿಸಿದ ಈಮ್ಸ್ ದಂಪತಿ 1958ರಲ್ಲಿ ಕೊಟ್ಟ ವರದಿಯೇ 1961ರಲ್ಲಿ ಅಹಮದಾಬಾದ್‌ನ ಎನ್‌ಐಡಿ ಹುಟ್ಟಲು ಕಾರಣ. ಅದು ಇನ್ನೊಂದು ದಿನದ ಮಾತು.)

ಪ್ರದರ್ಶನದ ತಯಾರಿಗೆಂದು ಸಂಗ್ರಹಾಲಯದ ಮನ್ರೋ ವ್ಹೀಲರ್ 1954ರಲ್ಲಿ ಕಲ್ಕತ್ತಕ್ಕೆ ಬಂದಿದ್ದರು. ಅಲ್ಲಿ ಸತ್ಯಜಿತ್ ರಾಯ್ ಅವರ ಅರ್ಧಕ್ಕೆ ನಿಂತ 'ಪಥೇರ್ ಪಾಂಚಾಲಿ'ಯ ಕೆಲವು ಸ್ಟಿಲ್ ಫೋಟೋ ನೋಡಿದರು. ಮುಗಿಸಿ ಕೊಡಿ, ನಮ್ಮಲ್ಲೇ ತೋರಿಸೋಣ ಎಂದರು. ಕೈಯಲ್ಲಿ ದುಡ್ಡಿಲ್ಲದ ರಾಯ್‌ಗೆ ಕೊನೆಗೆ ನೆರವಾದದ್ದು ಪಶ್ಚಿಮ ಬಂಗಾಳ ಸರ್ಕಾರ. ಅದೂ ರಸ್ತೆ ಅಭಿವೃದ್ಧಿಯ ಲೆಕ್ಕದಲ್ಲಿ! ರವಿಶಂಕರ್ ಒಂದೇ ರಾತ್ರಿಯಲ್ಲಿ ಸಂಗೀತ ಮುಗಿಸಿದರು. ಹಗಲೂ ರಾತ್ರಿ ಎಡಿಟಿಂಗ್ ನಡೆಯಿತು. ಸಬ್‌ಟೈಟಲ್ ಹಾಕುವಷ್ಟೂ ಪುರುಸೊತ್ತಿಲ್ಲದೆ ಪ್ರಿಂಟ್ ಹೊರಟೇಬಿಟ್ಟಿತು. 1955ರ ಮೇ 3ರಂದು ಅಪು, ದುರ್ಗಾ ನ್ಯೂಯಾರ್ಕಿನಲ್ಲಿ ಬಂಗಾಳಿಯಲ್ಲೇ ಮಾತಾಡಿದರು. ಕಲ್ಕತ್ತದ ಜನ ನೋಡಿದ್ದು ಆಗಸ್ಟ್ 26ಕ್ಕೆ.

1993ರಲ್ಲಿ ಲಂಡನ್ನಿನ ಲ್ಯಾಬೊಂದಕ್ಕೆ ಬೆಂಕಿ ಬಿದ್ದು ಮೂಲ ನೆಗೆಟಿವ್ ಸುಟ್ಟಿತು. ನಾನು ಬಿಎ ಓದುವಾಗ ಸೀಡಿಯಲ್ಲಿ ನೋಡಿದ್ದು ಮಸುಕು ಮಸುಕಾದ ಚಿತ್ರ. ಮಳೆ ಯಾವುದು, ಗೀರು ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಸುಟ್ಟು ಸುರುಟಿದ ಆ ರೀಲುಗಳನ್ನು ಮುಂದೆ ಇಟಲಿಯ ಬೊಲೋನ್ಯಾದಲ್ಲಿ ಕೈಯಿಂದಲೇ ಬಿಡಿಸಿ, ಅಂಚಿನ ತೂತುಗಳನ್ನು ಹೊಸದಾಗಿ ಕಟ್ಟಿದರು. ಮೂಲ ನೆಗೆಟಿವ್‌ನಲ್ಲಿ ಉಳಿದದ್ದು ಸುಮಾರು ಶೇ. 40. ಮಿಕ್ಕಿದ್ದನ್ನು ಬೇರೆ ಪ್ರತಿಗಳಿಂದ ತುಂಬಿಸಿದರು. ಹೀಗೆ ಬದುಕಿದ ಚಿತ್ರ 2015ರ ಮೇ 4ರಂದು ಅದೇ ಸಂಗ್ರಹಾಲಯದ ತೆರೆಗೆ ಮರಳಿತು, 60 ವರ್ಷದ ಮೇಲೊಂದು ದಿನಕ್ಕೆ.

ಇದೇ ಚಿತ್ರವನ್ನು ನಮ್ಮ ಹೆಗ್ಗೋಡಿನ ನೀನಾಸಂ ಅಡಿಕೆ ತೋಟದ ಜನರಿಗೂ ತೋರಿಸಿತ್ತು. ಅಲ್ಲಿ ಕೂತು ನೋಡಿದವರು ನಿಮ್ಮ ಮನೆಯಲ್ಲಿದ್ದರೆ, ಅಜ್ಜಿಯೋ ಮಾವನೋ ಯಾರಾದರೂ ಸರಿ, ನಮಗೊಂದು ಪತ್ರ ಬರೆಯಿರಿ. ಓದಿ ಹೇಳುತ್ತೇನೆ.