ಲೀಗಿನ ಪಂಚಾಂಗ: ರಗ್ಬಿಯ ಋತುಬದಲಾವಣೆ, ಪ್ರೊ ಕಬಡ್ಡಿ ಮತ್ತು ಟೇಕಲ್ ಸೀಮೆಯ ಪ್ರೇಕ್ಷಕರು

ಪೀಠಿಕೆ

ವೃತ್ತಿಪರ ಲೀಗುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಗೆದ್ದವರ ಪಟ್ಟಿಯಾಗಿ ಬರೆಯುತ್ತೇವೆ. ಆಟ ಯಾವ ತಿಂಗಳಲ್ಲಿ ನಡೆಯಿತು, ತಂಡಗಳು ಎಷ್ಟಿದ್ದವು, ತವರಿನ ಪಂದ್ಯಗಳು ತವರಿನಲ್ಲೇ ನಡೆದವೇ ಎಂಬ ಸಂಗತಿಗಳು ಅಡಿಟಿಪ್ಪಣಿಗೆ ಸರಿದುಬಿಡುತ್ತವೆ. ಈ ಲೇಖನ ಆ ಅಡಿಟಿಪ್ಪಣಿಗಳನ್ನೇ ಮುಖ್ಯ ವಿಷಯವಾಗಿ ಎತ್ತಿಕೊಳ್ಳುತ್ತದೆ. ನನ್ನ ವಾದ ಇಷ್ಟು: ಲೀಗು ಯಾರಿಗಾಗಿ ನಡೆಯುತ್ತಿದೆ ಎಂಬುದನ್ನು ಅದರ ವೇಳಾಪಟ್ಟಿ ಹೇಳುತ್ತದೆ. ಕಬಡ್ಡಿಯನ್ನು ತಲೆಮಾರುಗಳಿಂದ ಆಡಿಕೊಂಡು ಬಂದ ಹಳ್ಳಿಗಳಿಗೆ ಪ್ರೊ ಕಬಡ್ಡಿ ಲೀಗಿನ ವೇಳಾಪಟ್ಟಿಯಲ್ಲಿ ಇನ್ನೂ ನ್ಯಾಯವಾದ ಜಾಗ ಸಿಕ್ಕಿಲ್ಲ.

ಇದನ್ನು ಪರೀಕ್ಷಿಸಲು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಟೇಕಲ್ ಒಳ್ಳೆಯ ನೆಲೆ. ಬಂಡೆಬೆಟ್ಟಗಳ ನಡುವಿನ ಈ ಊರು 1864ರಲ್ಲಿ ತೆರೆದ ಬೆಂಗಳೂರು–ಜೋಲಾರ್‌ಪೇಟೆ ರೈಲುದಾರಿಯಲ್ಲಿದೆ. ಬೆಂಗಳೂರಿನಿಂದ ಹೊರಟ ಗಾಡಿ ವೈಟ್‌ಫೀಲ್ಡ್, ಮಾಲೂರು ದಾಟಿ ಟೇಕಲ್ ಮೂಲಕ ಬಂಗಾರಪೇಟೆಗೆ ಹೋಗುತ್ತದೆ. ರಾಜಧಾನಿಯ ಕ್ರೀಡಾಂಗಣಕ್ಕೆ ಇಷ್ಟು ಹತ್ತಿರವಿದ್ದೂ, ಬೇಸಾಯದ ಕಾಲಮಾನವನ್ನು ಪೂರ್ತಿ ಬಿಟ್ಟುಕೊಡದ ಸೀಮೆ ಇದು. ನಗರದ ಲೀಗು ಮತ್ತು ಹಳ್ಳಿಯ ಆಟದ ನಡುವಿನ ಅಂತರವನ್ನು ಇಲ್ಲಿಂದ ಸ್ಪಷ್ಟವಾಗಿ ಅಳೆಯಬಹುದು.

ರಗ್ಬಿಯ ಪೂರ್ವೇತಿಹಾಸ

ಹೋಲಿಕೆಗೆ ರಗ್ಬಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಎರಡೂ ಮೈಗೆ ಮೈ ತಾಗಿಸಿ, ಎದುರಾಳಿಯನ್ನು ಹಿಡಿದು ಕೆಡವುವ ಆಟಗಳು. ಎರಡರಲ್ಲೂ ಆಟಗಾರನ ದೇಹ ದಣಿವಿನ ಲೆಕ್ಕವನ್ನು ಬೇಗ ತೋರಿಸುತ್ತದೆ. ಮುಖ್ಯವಾಗಿ, ಎರಡರ ವೃತ್ತಿಪರ ರೂಪವೂ ಟಿವಿ ಹಣದಿಂದ ಕಟ್ಟಿದ್ದು.

ಭಾರತಕ್ಕೆ ರಗ್ಬಿ ಹೊಸದೇನಲ್ಲ. 1870ರ ದಶಕದಲ್ಲಿ ಕಲ್ಕತ್ತೆಯ ಬ್ರಿಟಿಷರು ಕಟ್ಟಿದ್ದ ಕ್ಲಬ್ಬಿಗೆ ಇಲ್ಲಿನ ಹವೆ ಒಗ್ಗಲಿಲ್ಲ, ಸದಸ್ಯರು ಪೋಲೊ ಮತ್ತು ಟೆನಿಸಿನ ಕಡೆ ವಾಲಿದರು. ಕ್ಲಬ್ಬು ಮುಚ್ಚುವಾಗ ಉಳಿದ ಹಣದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಕಲ್ಕತ್ತಾ ಕಪ್ಪಿಗಾಗಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಇಂದಿನವರೆಗೂ ಸೆಣಸುತ್ತಿವೆ. ಹವಾಮಾನಕ್ಕೆ ಹೊಂದದ ಆಟ ನೆಲೆ ಕಳೆದುಕೊಳ್ಳುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಸಿಗುವ ಹಳೆಯ ಸಾಕ್ಷಿ ಇದು.

ಹವಾಮಾನದ ಜಾಗಕ್ಕೆ ಮಾರುಕಟ್ಟೆ ಬಂದದ್ದು 1995ರಲ್ಲಿ. ಆ ವರ್ಷ ರೂಪರ್ಟ್ ಮರ್ಡೋಕ್ ಅವರ ನ್ಯೂಸ್ ಕಾರ್ಪೊರೇಷನ್ ಎರಡು ದೊಡ್ಡ ಒಪ್ಪಂದಗಳನ್ನು ಮಾಡಿಕೊಂಡಿತು. ಮೊದಲನೆಯದು ಬ್ರಿಟನ್ನಿನ 13 ಮಂದಿಯ ರಗ್ಬಿ ಲೀಗ್ ಆಟಕ್ಕೆ. ಐದು ವರ್ಷಕ್ಕೆ 8.7 ಕೋಟಿ ಪೌಂಡ್ ಕೊಡುವ ಆ ಒಪ್ಪಂದದ ಬೆನ್ನಿಗೆ, ಒಂದು ಶತಮಾನ ಕಾಲ ಚಳಿಗಾಲದಲ್ಲಿ ಆಡುತ್ತಿದ್ದ ಆಟ 1996ರಿಂದ ಬೇಸಿಗೆಗೆ ಹೊರಳಿ ಸೂಪರ್ ಲೀಗ್ ಆಯಿತು. ಎರಡನೆಯದು ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾಗಳ 15 ಮಂದಿಯ ರಗ್ಬಿಗೆ: ಹತ್ತು ವರ್ಷಕ್ಕೆ 55.5 ಕೋಟಿ ಡಾಲರ್. ಅದೇ ವರ್ಷದ ಆಗಸ್ಟಿನಲ್ಲಿ 15 ಮಂದಿಯ ರಗ್ಬಿ ಹವ್ಯಾಸಿ ಆಟವೆಂಬ ಹಳೆಯ ಕಟ್ಟುಪಾಡನ್ನು ಪ್ಯಾರಿಸ್ ಸಭೆಯಲ್ಲಿ ಕಳಚಿಹಾಕಿತು. 1996ರಲ್ಲಿ 12 ತಂಡಗಳ ಸೂಪರ್ 12 ಆರಂಭವಾಯಿತು.

ಮುಂದಿನ ಹಾದಿಗಳು ಬೇರೆಯಾದವು. ಸೂಪರ್ ಲೀಗ್ ತನ್ನ ಹೊಸ ಋತುವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಮೊದಲು ಗೊಣಗಿದ ಉತ್ತರ ಇಂಗ್ಲೆಂಡಿನ ಅಭಿಮಾನಿಗಳಿಗೂ ಬೇಸಿಗೆಯ ಆಟ ಕ್ರಮೇಣ ವಾಡಿಕೆಯಾಯಿತು. ಮುಂದೆ ಸೂಪರ್ ರಗ್ಬಿ ಎನಿಸಿಕೊಂಡ ದಕ್ಷಿಣ ಗೋಳಾರ್ಧದ ಪಂದ್ಯಾವಳಿ ಮಾತ್ರ ಹಿಗ್ಗುತ್ತಲೇ ಹೋಯಿತು: 2006ರಲ್ಲಿ 14 ತಂಡ, 2011ರಲ್ಲಿ 15, 2016ರಲ್ಲಿ ಅರ್ಜೆಂಟೀನಾ ಮತ್ತು ಜಪಾನನ್ನೂ ಸೇರಿಸಿಕೊಂಡು 18. ಪ್ರಯಾಣ ಉದ್ದವಾಯಿತು, ಅಂಕಪಟ್ಟಿ ಗೋಜಲಾಯಿತು. ಎರಡೇ ವರ್ಷದಲ್ಲಿ ಮೂರು ತಂಡಗಳನ್ನು ಕೈಬಿಟ್ಟು 2018ರಲ್ಲಿ ಮತ್ತೆ 15ಕ್ಕೆ ಇಳಿಸಿದರು. ಕೋವಿಡ್ ನಂತರ ದಕ್ಷಿಣ ಆಫ್ರಿಕಾದ ದೊಡ್ಡ ತಂಡಗಳು ಯೂರೋಪಿನ ಲೀಗಿಗೆ ಹೋದವು. 2022ರಲ್ಲಿ 12 ತಂಡಗಳೊಂದಿಗೆ ಮರುಹುಟ್ಟು ಪಡೆದ ಪಂದ್ಯಾವಳಿ, ಮೆಲ್ಬರ್ನ್ ರೆಬೆಲ್ಸ್ ಮುಚ್ಚಿದ ಮೇಲೆ 2025ರಲ್ಲಿ 11 ತಂಡಗಳಿಗೆ ನಿಂತಿತು. ತಂಡಗಳ ಸಂಖ್ಯೆ ಹೆಚ್ಚಿದ್ದನ್ನೇ ಬೆಳವಣಿಗೆ ಎಂದು ಎಣಿಸಿದ್ದಕ್ಕೆ ರಗ್ಬಿ ತೆತ್ತ ಬೆಲೆ ಇದು.

ಪ್ರೊ ಕಬಡ್ಡಿ: ತೇಲುವ ಋತು

2014ರಲ್ಲಿ ಮಶಾಲ್ ಸ್ಪೋರ್ಟ್ಸ್ ಸಂಸ್ಥೆ ಪ್ರೊ ಕಬಡ್ಡಿಯನ್ನು ಆರಂಭಿಸಿದಾಗ ಪ್ರಸಾರದ ಹೊಣೆ ಹೊತ್ತದ್ದು ಸ್ಟಾರ್ ಇಂಡಿಯಾ. ಅಂದಿಗೆ ಅದು ಮರ್ಡೋಕ್ ಅವರದೇ ಟ್ವೆಂಟಿಫಸ್ಟ್ ಸೆಂಚುರಿ ಫಾಕ್ಸ್ ಬಳಗದ ಕಂಪನಿ. ಮುಂದೆ ಮಶಾಲ್‌ನ ಶೇ. 74 ಪಾಲೂ ಸ್ಟಾರ್ ಕೈಸೇರಿತು. ಉತ್ತರ ಇಂಗ್ಲೆಂಡಿನ ರಗ್ಬಿಯ ಋತುವನ್ನು ಹೊರಳಿಸಿದ ಬಂಡವಾಳದ ಬಳಗವೇ ಹದಿನೆಂಟು ವರ್ಷಗಳ ಬಳಿಕ ನಮ್ಮ ಕಬಡ್ಡಿಗೂ ಋತು ಗೊತ್ತುಮಾಡಿತು. ಪ್ರಸಾರಕನೇ ಲೀಗಿನ ಒಡೆಯನೂ ಆದಾಗ, ಆಟ ಯಾವಾಗ ನಡೆಯಬೇಕೆಂಬ ಪ್ರಶ್ನೆಗೆ ಚಾನೆಲ್ಲಿನ ಖಾಲಿ ವಾರಗಳೇ ಉತ್ತರವಾಗುವುದು ಸಹಜ.

ಆವೃತ್ತಿಗಳ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಒತ್ತಡ ಕಾಣುತ್ತದೆ. ಮೊದಲನೆಯದು 2014ರ ಜುಲೈ 26ಕ್ಕೆ, ಫುಟ್‌ಬಾಲ್ ವಿಶ್ವಕಪ್ ಮುಗಿದ ಹದಿಮೂರನೇ ದಿನಕ್ಕೆ ಶುರುವಾಯಿತು. ಎರಡನೆಯದು 2015ರ ಜುಲೈ 18ಕ್ಕೆ. 2016ರಲ್ಲಿ ಒಂದೇ ವರ್ಷದಲ್ಲಿ ಎರಡು ಆವೃತ್ತಿಗಳು: ಜನವರಿ 30ರಿಂದ ಮಾರ್ಚ್ 5ರವರೆಗೆ ಒಂದು, ಜೂನ್ 25ರಿಂದ ಜುಲೈ 31ರವರೆಗೆ ಇನ್ನೊಂದು. 2017ರಲ್ಲಿ ಜುಲೈನಿಂದ ಅಕ್ಟೋಬರ್. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್ ಆಗಸ್ಟಿನಲ್ಲಿ ಬಂದದ್ದರಿಂದ ಲೀಗು ಅಕ್ಟೋಬರಿಗೆ ಸರಿದು ಜನವರಿವರೆಗೆ ನಡೆಯಿತು. 2019ರಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಮುಗಿದ ಆರನೇ ದಿನ, ಜುಲೈ 20ಕ್ಕೆ ಮತ್ತೆ ಮಳೆಗಾಲಕ್ಕೇ ಮರಳಿತು. ಆನಂತರ ಡಿಸೆಂಬರ್, ಅಕ್ಟೋಬರ್, ಡಿಸೆಂಬರ್, ಅಕ್ಟೋಬರ್. 2025ರ ಹನ್ನೆರಡನೇ ಆವೃತ್ತಿ ಆಗಸ್ಟ್ 29ಕ್ಕೆ. ಒಂದು ಆಟ ವರ್ಷದ ಯಾವ ಕಾಲದ್ದು ಎಂದು ಜನ ಹೇಳಲಾಗದಷ್ಟು ಈ ಋತು ತೇಲಾಡಿದೆ.

ಎಲ್ಲ ಬದಲಾವಣೆಗೂ ಟಿವಿಯನ್ನೇ ಹೊಣೆ ಮಾಡುವುದು ತಪ್ಪು. ಏಷ್ಯನ್ ಗೇಮ್ಸ್ ಮತ್ತು ಸಾಂಕ್ರಾಮಿಕ ನಿಜವಾದ ಅಡ್ಡಿಗಳೇ. 2022ರ ಆವೃತ್ತಿಯಂತೂ ಟಿ20 ವಿಶ್ವಕಪ್ಪಿನ ಜೊತೆಜೊತೆಗೇ ನಡೆಯಿತು. ಆದರೆ ಯಾವ ಬದಲಾವಣೆಯಲ್ಲೂ ಹಳ್ಳಿಯ ಪ್ರೇಕ್ಷಕರ ಅನುಕೂಲ ನಿರ್ಣಾಯಕವಾಗಿ ಕಾಣುವುದಿಲ್ಲ.

ರಚನೆಯೂ ಹೀಗೇ ಬದಲಾಯಿತು. ಎಂಟು ತಂಡ, 60 ಪಂದ್ಯಗಳಿದ್ದ ಲೀಗು 2017ರಲ್ಲಿ ಹರಿಯಾಣ, ಗುಜರಾತ್, ತಮಿಳುನಾಡು, ಉತ್ತರಪ್ರದೇಶಗಳ ತಂಡಗಳನ್ನು ಸೇರಿಸಿಕೊಂಡು 12 ತಂಡ, 138 ಪಂದ್ಯಗಳಿಗೆ ಬೆಳೆಯಿತು. ಐದು ವಾರದ ಆಟ ಮೂರು ತಿಂಗಳದ್ದಾಯಿತು. ಎರಡು ವಲಯಗಳ ಪದ್ಧತಿಯನ್ನು 2019ರಲ್ಲಿ ಬಿಟ್ಟು, ಪ್ರತಿ ತಂಡ ಉಳಿದೆಲ್ಲ ತಂಡಗಳನ್ನು ಎರಡೆರಡು ಬಾರಿ ಎದುರಿಸುವ ಒಂದೇ ಅಂಕಪಟ್ಟಿ ತಂದರು. ಇದು ಒಳ್ಳೆಯ ಸುಧಾರಣೆ. ಗೆದ್ದವರು ಯಾಕೆ ಗೆದ್ದರೆಂಬುದು ನೋಡುಗರಿಗೆ ನೇರವಾಗಿ ಅರ್ಥವಾಗುವಂತಾಯಿತು. 2021ರಲ್ಲಿ ಐದು ಆವೃತ್ತಿಗಳ ಪ್ರಸಾರ ಹಕ್ಕು 908.7 ಕೋಟಿ ರೂಪಾಯಿಗೆ ಸ್ಟಾರ್‌ಗೇ ಹೋಯಿತು. 2025ರಲ್ಲಿ ತಂಡಕ್ಕೆ 22 ಇದ್ದ ಲೀಗ್ ಪಂದ್ಯಗಳನ್ನು 18ಕ್ಕೆ ಇಳಿಸಿ, ಪ್ಲೇಆಫ್‌ಗೆ ಹೋಗಲು ಎಂಟನೇ ಸ್ಥಾನದವರಿಗೂ ದಾರಿ ತೆರೆದರು. ಹಿಗ್ಗಿ ಆಮೇಲೆ ಕುಗ್ಗುವ ರಗ್ಬಿಯ ನಡೆ ಇಲ್ಲೂ ಕಾಣತೊಡಗಿದೆ.

ತವರಿಲ್ಲದ ತಂಡ

ಕರ್ನಾಟಕಕ್ಕೆ ಈ ಬದಲಾವಣೆಗಳ ಅರ್ಥವೇನೆಂದು ಬೆಂಗಳೂರು ಬುಲ್ಸ್ ತಂಡದ ತವರು ಹಂತದ ಇತಿಹಾಸ ತೋರಿಸುತ್ತದೆ. ಮೊದಲ ನಾಲ್ಕು ಆವೃತ್ತಿಗಳಲ್ಲಿ ತಂಡ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಆಡಿತು. 2017ರಲ್ಲಿ ಅದರ ತವರು ಪಂದ್ಯಗಳು ನಾಗಪುರಕ್ಕೆ, 2018ರಲ್ಲಿ ಪುಣೆಗೆ ಹೋದವು.

ಬೆಂಗಳೂರು ಬುಲ್ಸ್ ಈವರೆಗೆ ಗೆದ್ದಿರುವ ಒಂದೇ ಪ್ರಶಸ್ತಿ ಆ 2018ರ ಆವೃತ್ತಿಯದು. 2019ರ ಜನವರಿ 5ರಂದು ಮುಂಬೈನ ಎನ್‌ಎಸ್‌ಸಿಐ ಒಳಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಗುಜರಾತ್ ಎದುರು ವಿರಾಮದ ಹೊತ್ತಿಗೆ ಹಿಂದೆ ಬಿದ್ದಿದ್ದ ತಂಡವನ್ನು ಪವನ್ ಸೆಹ್ರಾವತ್ ಎತ್ತಿ ನಿಲ್ಲಿಸಿದರು. ಮೂವತ್ತು ಸೆಕೆಂಡಿನ ಒಂದೊಂದು ರೇಡಿನಲ್ಲೂ ಬೋನಸ್ ಗೆರೆಯತ್ತ ಕಾಲು ಚಾಚಿ, ಹಿಡಿಯಲು ಬಂದ ಮೂಲೆಯವನ ತಲೆಯ ಮೇಲಿಂದಲೇ ಹಾರಿ ನಡುಗೆರೆ ಮುಟ್ಟುವ ಆಟ ಅವರದು. ಅಂದು ಅವರೊಬ್ಬರೇ ಗಳಿಸಿದ್ದು 22 ಅಂಕ; ತಂಡ ಗೆದ್ದದ್ದು 38–33ರಿಂದ. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ತರಬೇತುದಾರರ ಬಳಗದಲ್ಲಿದ್ದರು. ಆದರೆ ಚಾಂಪಿಯನ್ ಆದ ಆ ಇಡೀ ಆವೃತ್ತಿಯಲ್ಲಿ ತಂಡದ ಒಂದು ಪಂದ್ಯವನ್ನಾದರೂ ಬೆಂಗಳೂರಿನಲ್ಲಿ ಕೂತು ನೋಡುವ ಅವಕಾಶ ಕನ್ನಡಿಗರಿಗೆ ಸಿಗಲಿಲ್ಲ.

2019ರಲ್ಲಿ ಪಂದ್ಯಗಳು ಕಂಠೀರವಕ್ಕೆ ಮರಳಿದವು. ಎರಡು ವರ್ಷದ ಬಳಿಕ ಸಾಂಕ್ರಾಮಿಕದ ನಡುವೆ, 2021ರ ಡಿಸೆಂಬರ್ 22ರಿಂದ 2022ರ ಫೆಬ್ರವರಿ 25ರವರೆಗೆ, ಇಡೀ ಎಂಟನೇ ಆವೃತ್ತಿ ವೈಟ್‌ಫೀಲ್ಡಿನ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಟೇಕಲ್ಲಿನ ರೈಲುದಾರಿಯಲ್ಲೇ, ಮಾಲೂರಿನಿಂದ ಕೆಲವೇ ನಿಲ್ದಾಣಗಳಾಚೆ ದೇಶದ ಅತ್ಯುತ್ತಮ ಕಬಡ್ಡಿ ಎರಡು ತಿಂಗಳು ನಡೆಯಿತು, ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. 2022 ಮತ್ತು 2023ರಲ್ಲಿ ಕಂಠೀರವದಲ್ಲಿ ಮತ್ತೆ ಪಂದ್ಯಗಳಾದವು. 2024ರ ಆವೃತ್ತಿ ಹೈದರಾಬಾದ್, ನೋಯ್ಡಾ, ಪುಣೆಗೂ 2025ರದು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗೂ ಸೀಮಿತವಾಯಿತು. ಒಟ್ಟು ಲೆಕ್ಕ ಹಾಕಿದರೆ, ಹನ್ನೆರಡು ಆವೃತ್ತಿಗಳಲ್ಲಿ ಐದರಲ್ಲಿ ಬೆಂಗಳೂರಿನ ಪ್ರೇಕ್ಷಕರಿಗೆ ತಮ್ಮ ತಂಡವನ್ನು ಊರಿನಲ್ಲಿ ನೋಡಲು ಆಗಿಲ್ಲ.

ಭಾರತದ ಹೊಸ ರಗ್ಬಿ ಪ್ರೀಮಿಯರ್ ಲೀಗ್ ಆರಂಭದಲ್ಲೇ ಈ ದಾರಿ ಹಿಡಿದಿದೆ. 2025ರ ಜೂನ್ 15ರಿಂದ 29ರವರೆಗೆ ನಡೆದ ಏಳು ಮಂದಿಯ ರಗ್ಬಿಯ ಆ ಮೊದಲ ಆವೃತ್ತಿಯ ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಒಂದು. ಎಲ್ಲ ಪಂದ್ಯಗಳೂ ನಡೆದದ್ದು ಮುಂಬೈನ ಅಂಧೇರಿಯಲ್ಲಿ.

ಮಹಿಳೆಯರ ಕಬಡ್ಡಿಗಾದ ನಷ್ಟ ಇನ್ನೂ ದೊಡ್ಡದು. 2016ರ ಎರಡನೇ ಆವೃತ್ತಿಯ ಜೊತೆಗೆ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಯಿತು. ಜುಲೈ 31ರ ಫೈನಲ್‌ನಲ್ಲಿ ತೇಜಸ್ವಿನಿ ಬಾಯಿ ನಾಯಕತ್ವದ ಸ್ಟಾರ್ಮ್ ಕ್ವೀನ್ಸ್ ತಂಡ ಮಮತಾ ಪೂಜಾರಿ ನಾಯಕತ್ವದ ಫೈರ್ ಬರ್ಡ್ಸ್ ತಂಡವನ್ನು 24–23ರಿಂದ ಸೋಲಿಸಿತು. ಇಬ್ಬರು ನಾಯಕಿಯರೂ ಕರ್ನಾಟಕದವರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಒಂದೇ ಅಂಕದಿಂದ ತೀರ್ಮಾನವಾದ ಅಂಥ ಫೈನಲ್ ಕಂಡ ಮೇಲೂ ಮುಂದಿನ ವರ್ಷದ ವಿಸ್ತರಣೆಯಲ್ಲಿ ನಾಲ್ಕು ಪುರುಷ ತಂಡಗಳಿಗೆ ಜಾಗವಾಯಿತು, ಮಹಿಳೆಯರ ಪಂದ್ಯಾವಳಿಗೆ ಆಗಲಿಲ್ಲ. ಲೀಗಿನ ಇತಿಹಾಸದಲ್ಲಿ ಇದಕ್ಕಿಂತ ನೋವಿನ ಅಧ್ಯಾಯವನ್ನು ನಾನು ಕಾಣೆ.

ಮಳೆ, ಕಣ ಮತ್ತು ಜಾತ್ರೆ

ಈಗ ಟೇಕಲ್ ಸೀಮೆಯ ಕಾಲಮಾನವನ್ನು ಇದರ ಪಕ್ಕದಲ್ಲಿಡೋಣ. ನದಿ ನೀರಾವರಿಯಿಲ್ಲದ, ಕೆರೆ ಮತ್ತು ಕೊಳವೆಬಾವಿಗಳ ನಾಡು ಇದು. ಹಿಪ್ಪುನೇರಳೆ, ತರಕಾರಿ, ಹೈನು ವರ್ಷವಿಡೀ ಕೆಲಸ ಬೇಡುತ್ತವೆ. ಆದರೂ ಊರಿನ ಸಾಮೂಹಿಕ ಬಿಡುವನ್ನು ಗೊತ್ತುಮಾಡುವುದು ಮಳೆಯಾಧಾರಿತ ರಾಗಿ. ಪುನರ್ವಸು, ಪುಷ್ಯ ಮಳೆಗಳ ಹದಕ್ಕೆ ಬಿತ್ತನೆ. ಕಾರ್ತೀಕ, ಮಾರ್ಗಶಿರಕ್ಕೆ ಕೊಯ್ಲು. ಆಮೇಲೆ ಮೆದೆ, ಕಣ, ಒಕ್ಕಣೆ. ಸಂಕ್ರಾಂತಿ ಕಳೆದ ಮೇಲೆ ಊರೂರಿನ ಜಾತ್ರೆ, ಪರಿಷೆಗಳು ಶುರು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಿಗೆ ಹೊಂದುವ ಕಾಲವೂ ಅದೇ: ನೆಲ ಒಣಗಿರುತ್ತದೆ, ಕೈಯಲ್ಲಿ ನಾಲ್ಕು ಕಾಸಿರುತ್ತದೆ, ನೆಂಟರು ಬಂದಿರುತ್ತಾರೆ.

ಲೀಗಿನ ಆರಂಭದ ದಿನಾಂಕಗಳನ್ನು ಮಳೆನಕ್ಷತ್ರಗಳ ಲೆಕ್ಕದಲ್ಲಿ ಓದಿದರೆ ಸಂಗತಿ ನಿಚ್ಚಳವಾಗುತ್ತದೆ. 2015ರ ಜುಲೈ 18 ಪುನರ್ವಸುವಿನ ಕೊನೆ. 2014ರ ಜುಲೈ 26, 2017ರ ಜುಲೈ 28 ಪುಷ್ಯದ ಒಳಗೆ. 2019ರ ಜುಲೈ 20 ಎರಡರ ಸಂಧಿಯಲ್ಲಿ. ಹನ್ನೆರಡು ಆವೃತ್ತಿಗಳಲ್ಲಿ ನಾಲ್ಕು, ಬಯಲುಸೀಮೆಯ ರೈತ ಬಿತ್ತನೆಯ ಹದ ಬಿಟ್ಟು ಬರಲಾಗದ ಎರಡು ಮಳೆಗಳಲ್ಲೇ ಆರಂಭವಾಗಿವೆ. ಮಳೆಗಾಲದಲ್ಲಿ ಒಳಾಂಗಣದ ಮ್ಯಾಟ್ ಮೇಲೆ ಆಡಬಹುದೆಂಬುದು ನಿಜ. ಆಟಗಾರನಿಗೆ ಮಳೆ ತಪ್ಪಿತು, ಬೆಂಗಳೂರಿಗೆ ಬಂದು ನೋಡಬೇಕಾದವನಿಗೆ ಹೊಲದ ಕೆಲಸ ತಪ್ಪಲಿಲ್ಲ. ಪಂದ್ಯಗಳು ರಾತ್ರಿ ಏಳೂವರೆ–ಎಂಟರ ಹೊತ್ತಿಗೆ ಶುರುವಾಗುವುದರಿಂದ, ಟೇಕಲ್ಲಿನಿಂದ ಬಂದವರು ಎರಡನೇ ಪಂದ್ಯ ಮುಗಿಸಿ ಊರು ಸೇರುವುದೂ ಕಷ್ಟ.

ಇದಕ್ಕೆ ಎದುರಾಗಿ, 2016ರ ಮೊದಲ ಆವೃತ್ತಿ ನಡೆದ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದ ಅವಧಿ ಒಕ್ಕಣೆ ಮುಗಿದ ಬಿಡುವಿಗೆ ಸರಿಯಾಗಿ ಕೂಡುತ್ತದೆ. ಐಪಿಎಲ್ ಸಾಮಾನ್ಯವಾಗಿ ಮಾರ್ಚ್ ಉತ್ತರಾರ್ಧದ ನಂತರ ಶುರುವಾಗುವುದರಿಂದ ಪ್ರಸಾರಕರಿಗೂ ಅಲ್ಲಿ ಎಡೆಯಿದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹನ್ನೆರಡೂ ನಗರಗಳನ್ನು ಸುತ್ತಿದ 2023–24ರ ಹತ್ತನೇ ಆವೃತ್ತಿ, ತವರು ಹಂತಗಳನ್ನು ಇಟ್ಟುಕೊಂಡೂ ಈ ಕಾಲದಲ್ಲಿ ಲೀಗು ನಡೆಸಬಹುದೆಂದು ತೋರಿಸಿಕೊಟ್ಟಿದೆ.

ಸಮಾರೋಪ

ಈ ಅಧ್ಯಯನದಿಂದ ಮೂರು ಮಾತು ಹೊಮ್ಮುತ್ತವೆ. ಒಂದು, ಋತುವನ್ನೋ ರಚನೆಯನ್ನೋ ಬದಲಿಸುವುದರಿಂದ ಲೀಗು ಕೆಡುವುದಿಲ್ಲ. ಬದಲಿಸಿದ್ದನ್ನು ನಿಲ್ಲಗೊಡದಿದ್ದರೆ ಕೆಡುತ್ತದೆ. ಸೂಪರ್ ಲೀಗ್ ಮತ್ತು ಸೂಪರ್ ರಗ್ಬಿಯ ಬೇರೆಬೇರೆ ಗತಿ ಇದನ್ನು ಸಾಬೀತುಮಾಡುತ್ತದೆ. ಎರಡು, ತಂಡಗಳ ಸಂಖ್ಯೆಗಿಂತ ತವರು ಪಂದ್ಯದ ಖಾತರಿ ದೊಡ್ಡದು. ಊರಿನ ಹೆಸರು ಹೊತ್ತ ತಂಡ ಆ ಊರಿನಲ್ಲಿ ಆಡಲೇಬೇಕೆಂಬ ನಿಯಮ ಫ್ರಾಂಚೈಸಿ ಒಪ್ಪಂದದಲ್ಲೇ ಇರಬೇಕು. ಮೂರು, ಮಹಿಳಾ ಲೀಗಿಗೆ ಕ್ಯಾಲೆಂಡರಿನಲ್ಲಿ ತನ್ನದೇ ವಾರಗಳು ಬೇಕು. ಪುರುಷರ ಲೀಗಿನ ಬಾಲವಾಗಿ ಅಂಟಿಸಿದ್ದು 2016ರ ಒಂದೇ ಆವೃತ್ತಿಗೆ ಉದುರಿಹೋಯಿತು.

ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ಕಾಲವನ್ನು ಕಬಡ್ಡಿಯ ಋತುವೆಂದು ಖಾಯಂ ಮಾಡಿ, ಬೆಂಗಳೂರಿನ ಹಂತದ ಕೆಲವು ಪಂದ್ಯಗಳನ್ನಾದರೂ ಹಗಲಿನಲ್ಲಿ ಆಡಿಸಬೇಕು. ಮಾಲೂರು, ಟೇಕಲ್, ಬಂಗಾರಪೇಟೆಯ ಹುಡುಗ ಹುಡುಗಿಯರು ಬೆಳಿಗ್ಗೆ ಗಾಡಿ ಹತ್ತಿ, ಆಟ ನೋಡಿ, ಕತ್ತಲಾಗುವ ಮುಂಚೆ ಊರು ಮುಟ್ಟುವಂತಾದರೆ ಲೀಗಿಗೆ ಮುಂದಿನ ತಲೆಮಾರಿನ ಆಟಗಾರರೂ ಪ್ರೇಕ್ಷಕರೂ ಒಟ್ಟಿಗೇ ಸಿಗುತ್ತಾರೆ. ಪ್ರಸಾರ ಹಕ್ಕಿನ ಹೊಸ ಒಪ್ಪಂದಗಳನ್ನು ಬರೆಯುವವರು ಈ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು.